ಮಗುವಿನ ಇಸುಬು ಮತ್ತು ಕರ್ಮದ ಪ್ರಶ್ನೆ

ಹಸುಗೂಸಿನ ಕೆನ್ನೆ ಕೆಂಪಾಗಿ ಒರಟಾಗುವ, ಕೆಲವೊಮ್ಮೆ ನೀರು ಒಸರುವ, ರಾತ್ರಿಯಿಡೀ ನವೆಯಿಂದ ನಿದ್ದೆ ಕೆಡಿಸುವ ಚರ್ಮದ ಕಾಯಿಲೆಗೆ ಕನ್ನಡದಲ್ಲಿ ಇಸುಬು ಎಂಬ ಹೆಸರಿದೆ. ವೈದ್ಯರು ಎಸ್ಜಿಮಾ ಎನ್ನುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು ಅಟೋಪಿಕ್ ಡರ್ಮಟೈಟಿಸ್ ಎಂದು ಕರೆಯುತ್ತಾರೆ. ಇದು ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗುವ ರೋಗವಲ್ಲ. ಆದರೆ ಎಲ್ಲರ ಕಣ್ಣಿಗೂ ಬೀಳುವ ರೋಗ, ಬಿಟ್ಟುಬಿಟ್ಟು ಮರುಕಳಿಸುವ ರೋಗ. ಹಾಗಾಗಿ ಇದು ವೈದ್ಯರ ಕೋಣೆಯೊಳಗೆ ಮಾತ್ರ ಉಳಿಯುವುದಿಲ್ಲ. ನೆಗಡಿ ಬಂದ ಮಗುವನ್ನು ನೋಡಿ ಇದು ಯಾರ ಪಾಪ ಎಂದು ಯಾರೂ ಕೇಳುವುದಿಲ್ಲ; ಮೈಯೆಲ್ಲ ಇಸುಬು ಎದ್ದ ಮಗುವನ್ನು ನೋಡಿದವರು ಕೇಳುತ್ತಾರೆ. ಏನನ್ನೂ ಮಾಡದ ಮಗುವಿಗೆ ಈ ಸಂಕಟ ಏಕೆ, ಹಿಂದಿನ ಜನ್ಮದ ಕರ್ಮ ಎಂಬ ಉತ್ತರ ನಿಲ್ಲುತ್ತದೆಯೇ, ನಿಂತರೂ ಹೆತ್ತವರು ಮಾಡಬೇಕಾದದ್ದು ಏನು ಎಂಬುದು ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆ. ಮನೆಮನೆಯಲ್ಲಿ ಇಂದಿಗೂ ಅದು ಜೀವಂತವಾಗಿದೆ.

ಮೊದಲು ರೋಗವನ್ನು ತಿಳಿಯಬೇಕು. ಚರ್ಮದ ಹೊರಪದರ ಒಳಗಿನ ನೀರನ್ನು ಹಿಡಿದಿಡುತ್ತದೆ. ಹೊರಗಿನ ಧೂಳು, ಸಾಬೂನು, ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಇಸುಬಿನ ಮಗುವಿನಲ್ಲಿ ಈ ತಡೆ ದುರ್ಬಲ. ಹೊರಪದರವನ್ನು ಗಟ್ಟಿಯಾಗಿ ಕಟ್ಟಲು ಫಿಲಾಗ್ರಿನ್ ಎಂಬ ಪ್ರೋಟೀನು ಬೇಕು. ಅದರ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಈ ದೋಷವಿರುವ ಎಲ್ಲರಿಗೂ ಇಸುಬು ಬರುವುದಿಲ್ಲ. ಇಸುಬಿರುವ ಎಲ್ಲರಲ್ಲೂ ಈ ದೋಷ ಇರುವುದಿಲ್ಲ. ದುರ್ಬಲ ಪದರದ ಮೂಲಕ ಒಳನುಗ್ಗಿದ ವಸ್ತುಗಳಿಗೆ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಸ್ಪಂದಿಸಿದಾಗ ಉರಿಯೂತ ಹುಟ್ಟುತ್ತದೆ. ಉರಿಯೂತದಿಂದ ನವೆ, ನವೆಯಿಂದ ಕೆರೆತ, ಕೆರೆತದಿಂದ ಪದರ ಇನ್ನಷ್ಟು ಹಾಳು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರಿ ಉರಿಗೆ ತುಪ್ಪ ಸುರಿಯುತ್ತದೆ. ಆಸ್ತಮಾ, ಅಲರ್ಜಿ ನೆಗಡಿ ಇರುವ ಕುಟುಂಬಗಳಲ್ಲಿ ಇದು ಹೆಚ್ಚು. ಮುಟ್ಟಿದರೆ ಅಂಟುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ: ಕೂಸಿಗೆ ಕೆನ್ನೆ ಮತ್ತು ಕೈಕಾಲಿನ ಹೊರಭಾಗದಲ್ಲಿ, ಬೆಳೆದ ಮೇಲೆ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ. ಹದಿಹರೆಯದ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ತಗ್ಗುತ್ತದೆ, ಕೆಲವರಲ್ಲಿ ಉಳಿಯುತ್ತದೆ.

ಈ ತಿಳಿವಳಿಕೆ ಇಲ್ಲದ ಕಾಲದಲ್ಲೂ ಜನ ಕಾರಣ ಹುಡುಕಿದರು. ಚರಕಸಂಹಿತೆ ಚರ್ಮರೋಗಗಳನ್ನು ಕುಷ್ಠ ಎಂಬ ಒಂದೇ ಹೆಸರಿನ ಕೆಳಗೆ ತಂದು 18 ಬಗೆಗಳನ್ನು ಎಣಿಸಿತು: ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಕ್ಷುದ್ರಗಳಲ್ಲಿ ಒಂದಾದ, ನವೆ ಮತ್ತು ಒಸರುವಿಕೆ ಇರುವ ವಿಚರ್ಚಿಕೆಯನ್ನು ಇಂದಿನ ಆಯುರ್ವೇದ ವೈದ್ಯರು ಎಸ್ಜಿಮಾದೊಂದಿಗೆ ಗುರುತಿಸುತ್ತಾರೆ. ಕಾರಣಗಳ ಪಟ್ಟಿಯಲ್ಲಿ ಮೀನು ಮತ್ತು ಹಾಲಿನಂಥ ವಿರುದ್ಧಾಹಾರವೂ ಇದೆ, ಹಿರಿಯರಿಗೆ ಮಾಡಿದ ಅವಮಾನ ಮತ್ತು ಪಾಪಕರ್ಮವೂ ಇದೆ. ಒಂದೇ ಹೆಸರಿನಡಿ ಎಲ್ಲವನ್ನೂ ತಂದದ್ದರಿಂದ ಒಂದು ಅನಾಹುತವಾಯಿತು. ಮಹಾರೋಗಕ್ಕೆ, ಅಂದರೆ ಇಂದು ಕುಷ್ಠರೋಗ ಎನ್ನುವುದಕ್ಕೆ, ಅಂಟಿಕೊಂಡಿದ್ದ ಭಯ ಮತ್ತು ಬಹಿಷ್ಕಾರ ಸಣ್ಣಪುಟ್ಟ ಚರ್ಮರೋಗಗಳ ಮೇಲೂ ಹರಡಿತು. ಮುಂದೆ ಕರ್ಮವಿಪಾಕ ಎಂಬ ಗ್ರಂಥಪ್ರಕಾರವೇ ಬೆಳೆಯಿತು. ಶಾತಾತಪ ಸ್ಮೃತಿಯಂಥ ಕೃತಿಗಳು ಇಂಥ ಪಾಪಕ್ಕೆ ಇಂಥ ರೋಗ, ಅದಕ್ಕೆ ಇಂಥ ದಾನ, ಇಂಥ ಪ್ರಾಯಶ್ಚಿತ್ತ ಎಂದು ಹೊಂದಿಸಿಕೊಟ್ಟವು. ಇಂದು ಹಳ್ಳಿಯ ಜೋಯಿಸರು ಹೇಳುವ ಮಾತಿನ ಹಿಂದೆ ಈ ಸಾಹಿತ್ಯದ ನೆರಳಿದೆ.

ಆದರೆ ಚರಕಸಂಹಿತೆಯನ್ನು ಅಲ್ಲಿಗೇ ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆಯುಸ್ಸು ಮೊದಲೇ ನಿಗದಿಯಾಗಿದೆಯೇ ಎಂದು ಅಗ್ನಿವೇಶ ಕೇಳುತ್ತಾನೆ. ಗುರು ಆತ್ರೇಯನ ಉತ್ತರ ಸ್ಪಷ್ಟವಾಗಿದೆ: ಎಲ್ಲವೂ ನಿಗದಿಯಾಗಿದ್ದರೆ ಮಂತ್ರ, ಹೋಮ, ಔಷಧ ಯಾವುದೂ ಬೇಕಿರಲಿಲ್ಲ, ಮದವೇರಿದ ಆನೆ ಎದುರು ಬಂದಾಗ ಯಾರೂ ಓಡಬೇಕಿರಲಿಲ್ಲ. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ. ದೈವ ದುರ್ಬಲವಾಗಿದ್ದರೆ ಪುರುಷಕಾರ ಅದನ್ನು ಮೀರಬಲ್ಲದು. ದೈವ ಪ್ರಬಲವೋ ದುರ್ಬಲವೋ ಎಂಬುದು ಮೊದಲೇ ಯಾರಿಗೂ ತಿಳಿಯುವಂಥದ್ದಲ್ಲ. ಆದ್ದರಿಂದ ಪ್ರಯತ್ನಿಸುವುದನ್ನು ಬಿಟ್ಟು ವೈದ್ಯನಿಗೆ ಬೇರೆ ದಾರಿಯೇ ಉಳಿಯುವುದಿಲ್ಲ. ಕರ್ಮವನ್ನು ನಂಬುವ ಶಾಸ್ತ್ರವೇ ಚಿಕಿತ್ಸೆಯನ್ನು ಕರ್ತವ್ಯವಾಗಿಸಿದ ರೀತಿ ಇದು.

ಬೌದ್ಧ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಯುತ್ತನಿಕಾಯದ ಸೀವಕ ಸುತ್ತದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ಅದು ಸರಿಯೇ ಎಂದು ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಹೇಳುತ್ತಾನೆ: ಪಿತ್ತ, ಕಫ, ವಾತ, ಮೂರರ ಕೂಡಿಕೆ, ಋತುವಿನ ಬದಲಾವಣೆ, ಅಜಾಗರೂಕ ನಡವಳಿಕೆ, ಹೊರಗಿನ ಆಘಾತ, ಕೊನೆಗೆ ಕರ್ಮ. ಎಲ್ಲವೂ ಪೂರ್ವಕರ್ಮ ಎನ್ನುವವರು ತಾವು ಸ್ವತಃ ಬಲ್ಲದ್ದನ್ನೂ ಲೋಕ ಸತ್ಯವೆಂದು ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ತೀರ್ಪು. ಕರ್ಮವನ್ನು ಅವನು ಅಲ್ಲಗಳೆಯಲಿಲ್ಲ. ಎಂಟರಲ್ಲಿ ಒಂದು ಎಂದು ಅದರ ಜಾಗದಲ್ಲಿ ಇಟ್ಟ. ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಹೇಳಿದ್ದೂ ಇದನ್ನೇ.

ಚರ್ಮರೋಗದ ವಿಷಯದಲ್ಲಿ ಇದೇ ಪರಂಪರೆ ಉಳಿಸಿಕೊಟ್ಟ ಒಂದು ಪ್ರಸಂಗವನ್ನು ಮಕ್ಕಳ ವೈದ್ಯರೂ ಓದಬೇಕು. ವಿನಯಪಿಟಕದ ಮಹಾವಗ್ಗದಲ್ಲಿ ಆನಂದನ ಉಪಾಧ್ಯಾಯನಾದ ಬೇಲಟ್ಠಸೀಸನಿಗೆ ಮೈಯೆಲ್ಲ ದಪ್ಪ ಕಜ್ಜಿ ಎದ್ದಿರುತ್ತದೆ. ಒಸರಿದ ನೀರಿಗೆ ಚೀವರ ಮೈಗೆ ಅಂಟಿಕೊಳ್ಳುತ್ತದೆ. ಭಿಕ್ಷುಗಳು ನೀರಿನಿಂದ ಒದ್ದೆ ಮಾಡಿ ಮಾಡಿ ಬಟ್ಟೆಯನ್ನು ಬಿಡಿಸುತ್ತಿರುತ್ತಾರೆ. ಅಲ್ಲಿಗೆ ಬಂದ ಬುದ್ಧ ಇದು ಯಾವ ಪಾಪದ ಫಲ ಎಂದು ವಿಚಾರಿಸಲಿಲ್ಲ, ಪೂರ್ವಜನ್ಮದ ಕಥೆ ಹೇಳಲಿಲ್ಲ. ಏನು ಕಾಯಿಲೆ ಎಂದು ಕೇಳಿದ. ಔಷಧದ ಪುಡಿಗಳನ್ನು ಬಳಸಲು ಅನುಮತಿ ಕೊಟ್ಟ. ಕಜ್ಜಿಯಿರುವ ಭಿಕ್ಷುಗಳು ಹುಣ್ಣಿನ ಮೇಲೆ ಹೊದೆಯಲು ಬೇರೆಯೇ ಒಂದು ಬಟ್ಟೆಯನ್ನು ಇಟ್ಟುಕೊಳ್ಳಬಹುದೆಂದು ಇನ್ನೊಂದು ನಿಯಮ ಮಾಡಿದ. ಬೇರೆ ಕಡೆಗಳಲ್ಲಿ ಪೂರ್ವಜನ್ಮದ ಕಥೆಗಳನ್ನು ಧಾರಾಳವಾಗಿ ಹೇಳುವ ಗ್ರಂಥರಾಶಿಯಲ್ಲೇ ರೋಗಿಯ ಹಾಸಿಗೆಯ ಬಳಿ ಈ ಮೌನ ಇದೆ ಎಂಬುದಕ್ಕೆ ತೂಕ ಹೆಚ್ಚು.

ಇವೆಲ್ಲ ದೊಡ್ಡವರ ಮಾತಾಯಿತು. ಮಗುವಿನ ವಿಷಯಕ್ಕೆ ನೇರವಾಗಿ ಬರುವ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಮೌನವ್ರತದಲ್ಲಿದ್ದ ಮಾಂಡವ್ಯ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಒಡವೆಯೊಂದಿಗೆ ಅಡಗಿದ್ದಕ್ಕೆ ರಾಜಭಟರು ಋಷಿಯನ್ನೇ ಶೂಲಕ್ಕೇರಿಸುತ್ತಾರೆ. ಅವನು ಸಾಯುವುದಿಲ್ಲ. ಶೂಲದ ಚೂರು ಮೈಯಲ್ಲೇ ಉಳಿದು ಅಣಿಮಾಂಡವ್ಯನೆಂದು ಹೆಸರಾಗುತ್ತಾನೆ. ತಾನು ಮಾಡಿದ ಪಾಪ ಯಾವುದೆಂದು ಧರ್ಮದೇವತೆಯನ್ನು ಕೇಳಿದಾಗ, ನೀನು ಹುಡುಗನಾಗಿದ್ದಾಗ ಹುಳುಗಳ ಬಾಲಕ್ಕೆ ಕಡ್ಡಿ ಚುಚ್ಚಿದ್ದೆ, ಅದರ ಫಲ ಇದು ಎಂಬ ಉತ್ತರ ಬರುತ್ತದೆ. ಋಷಿ ಅದನ್ನು ಒಪ್ಪಿ ತಲೆಬಾಗಲಿಲ್ಲ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಅಧರ್ಮ ಎಂದು ಧರ್ಮನನ್ನೇ ಶಪಿಸಿದ, 14 ವರ್ಷದೊಳಗೆ ಮಾಡಿದ್ದು ಪಾಪವಾಗದು ಎಂದು ಹೊಸ ಮೇರೆ ಹಾಕಿದ. ಆ ಶಾಪದಿಂದಲೇ ಧರ್ಮ ವಿದುರನಾಗಿ ಹುಟ್ಟಿದ. ಕರ್ಮದ ಲೆಕ್ಕ ಬರೆಯುವವನೇ ಮಗುವಿನ ಖಾತೆಗೆ ದಂಡ ಬರೆದದ್ದಕ್ಕೆ ತಾನು ದಂಡ ತೆತ್ತ ಕಥೆ ಇದು. ಧರ್ಮಶಾಸ್ತ್ರಕಾರರೂ ಐದು ವರ್ಷದೊಳಗಿನ ಮಗುವಿಗೆ ಪಾಪವೂ ಇಲ್ಲ, ಪ್ರಾಯಶ್ಚಿತ್ತವೂ ಇಲ್ಲ ಎಂದರು.

ಇದಕ್ಕೆ ಒಂದು ಆಕ್ಷೇಪ ಉಂಟು. ಮಾಂಡವ್ಯನ ಮೇರೆ ಬಾಲ್ಯದಲ್ಲಿ ಮಾಡಿದ್ದಕ್ಕೆ ಸಂಬಂಧಿಸಿದ್ದು, ಬಾಲ್ಯದಲ್ಲಿ ಉಣ್ಣುವ ಹಿಂದಿನ ಜನ್ಮದ ಫಲಕ್ಕಲ್ಲ. ಆರು ತಿಂಗಳ ಕೂಸು ಈಗ ಏನೂ ಮಾಡಿಲ್ಲ, ನಿಜ; ಆದರೆ ಪ್ರಾರಬ್ಧ ಎಂಬುದೊಂದು ಇದೆಯಲ್ಲ ಎಂದು ನಂಬುವವರು ಹೇಳಬಹುದು. ವೇದಾಂತದ ಮುಖ್ಯ ಉತ್ತರವೂ ಅದೇ. ಜಗತ್ತಿನಲ್ಲಿ ಒಬ್ಬ ಸುಖಿ, ಒಬ್ಬ ದುಃಖಿ ಆಗಿರುವಾಗ ಈಶ್ವರ ಪಕ್ಷಪಾತಿಯೂ ನಿರ್ದಯಿಯೂ ಆಗುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಶಂಕರರ ಭಾಷ್ಯದಲ್ಲಿ ಈಶ್ವರ ಮಳೆಯಂತೆ: ಭತ್ತಕ್ಕೂ ಜವೆಗೋಧಿಗೂ ಮಳೆ ಒಂದೇ, ಬೆಳೆಯ ವ್ಯತ್ಯಾಸ ಬೀಜದ್ದು. ಜೀವಿಗಳ ಕರ್ಮವೇ ಆ ಬೀಜ. ಸಂಸಾರಕ್ಕೆ ಆದಿ ಇಲ್ಲದ್ದರಿಂದ ಮೊದಲ ಕರ್ಮ ಯಾವುದೆಂಬ ಪ್ರಶ್ನೆ ಏಳುವುದಿಲ್ಲ.

ಈ ವಾದ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಲೋಕದ ಅಸಮಾನತೆಯ ಎದುರು ಈಶ್ವರನನ್ನು ದೋಷದಿಂದ ಬಿಡಿಸುವುದು ಅದರ ಕೆಲಸ. ಇಂಥ ಮಗುವಿನ ಇಂಥ ಇಸುಬಿಗೆ ಇಂಥ ಪಾಪ ಕಾರಣ ಎಂದು ಗುರುತು ಹಿಡಿಯುವ ಅಧಿಕಾರವನ್ನು ಅದು ಯಾವ ಮನುಷ್ಯನಿಗೂ ಕೊಡುವುದಿಲ್ಲ; ಕರ್ಮದ ಗತಿ ಗಹನ ಎಂದು ಗೀತೆಯೇ ಒಪ್ಪಿಕೊಂಡಿದೆ. ಮುಖ್ಯವಾಗಿ, ಚಿಕಿತ್ಸೆ ಕೊಡಬೇಡಿ ಎಂಬ ನಿರ್ಣಯ ಅದರಿಂದ ಹೊರಡುವುದಿಲ್ಲ. ರೋಗ ಪ್ರಾರಬ್ಧವಾದರೆ ಅದನ್ನು ಬಲ್ಲ ವೈದ್ಯ ಸಿಗುವುದೂ ಪ್ರಾರಬ್ಧವೇ, ಮುಲಾಮು ಕೈಗೆಟುಕುವುದೂ ಪ್ರಾರಬ್ಧವೇ. ಎಲ್ಲದಕ್ಕೂ ಸಮನಾಗಿ ಅನ್ವಯಿಸುವ ಕಾರಣದಿಂದ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಬಾರದು. ಯಜ್ಞವಿಧಿಗಳ ಅರ್ಥವನ್ನು ನಿರ್ಣಯಿಸುವ ಮೀಮಾಂಸಕರ ಒಂದು ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಕಾಣುವ ಕಾರಣ ಸಿಗುವಲ್ಲಿ ಕಾಣದ ಕಾರಣವನ್ನು ಕಲ್ಪಿಸಬಾರದು. ಫಿಲಾಗ್ರಿನ್ ಕೊರತೆ, ಒಣಹವೆ, ಕಟುವಾದ ಸಾಬೂನು, ಉಣ್ಣೆಬಟ್ಟೆ, ಬ್ಯಾಕ್ಟೀರಿಯಾ ಇವೆಲ್ಲ ಕಾಣುವ ಕಾರಣಗಳು. ಯಜ್ಞದ ವಿಚಾರದಲ್ಲೇ ಅಷ್ಟು ಬಿಗಿಯಾಗಿದ್ದ ತರ್ಕವನ್ನು ಮಗುವಿನ ಮೈಯ ವಿಚಾರದಲ್ಲಿ ಸಡಿಲ ಬಿಡಲು ಕಾರಣವಿಲ್ಲ.

ಸಡಿಲ ಬಿಟ್ಟಾಗ ಹೊರೆ ಬೀಳುವುದು ತಾಯಿಯ ಮೇಲೆ. ಮಕ್ಕಳ ವೈದ್ಯಕ್ಕೆ ಮೀಸಲಾದ ಕಾಶ್ಯಪಸಂಹಿತೆ, ಹಾಲುಣ್ಣುವ ಕೂಸಿನ ಚರ್ಮದಲ ಎಂಬ ರೋಗಕ್ಕೆ ಕೆಟ್ಟ ಎದೆಹಾಲನ್ನು ಕಾರಣವೆಂದಿತು. ಮನೆಯ ಮಾತಿನಲ್ಲಿ ಅದು ನಂಜು ಆಯಿತು. ಬದನೆಕಾಯಿ ತಿಂದಳು, ಒಣಮೀನು ತಿಂದಳು, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ನಾಗನ ಬನದ ಕಡೆ ಮೈಲಿಗೆಯಲ್ಲಿ ಹೋದಳು ಎಂಬ ಮಾತುಗಳು ಬಾಣಂತಿಯ ಸುತ್ತ ಸುಳಿಯುತ್ತವೆ. ಒಂದೊಂದೇ ಪದಾರ್ಥ ಬಿಡಿಸುತ್ತ ಕೊನೆಗೆ ಅವಳ ತಟ್ಟೆಯಲ್ಲಿ ಅನ್ನ ಮತ್ತು ಮೆಣಸಿನ ಸಾರು ಮಾತ್ರ ಉಳಿಯುತ್ತದೆ. ವೈದ್ಯಕೀಯ ಸತ್ಯ ಬೇರೆ. ತಾಯಿಯ ಪಥ್ಯದಿಂದ ಸಾಮಾನ್ಯವಾಗಿ ಮಗುವಿನ ಇಸುಬು ಕಡಿಮೆಯಾಗುವುದಿಲ್ಲ. ತೀವ್ರ ಇಸುಬಿನ ಕೆಲವು ಮಕ್ಕಳಲ್ಲಿ ಹಾಲು, ಮೊಟ್ಟೆಯಂಥ ಆಹಾರದ ಅಲರ್ಜಿ ಜೊತೆಗಿರುತ್ತದೆ. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ಊಹೆಯ ಮೇಲೆ ಮಗುವಿನ ಆಹಾರ ಕಿತ್ತುಕೊಂಡರೆ ಬೆಳವಣಿಗೆ ಕುಂಠಿತವಾಗುತ್ತದೆ. ಬಹಳ ದಿನ ಬಿಟ್ಟ ಆಹಾರವನ್ನು ಮತ್ತೆ ಕೊಟ್ಟಾಗ ಹಠಾತ್ ಅಲರ್ಜಿ ಆಗುವ ಅಪಾಯವೂ ಇದೆ.

ವಂಶವಾಹಿಯ ಮಾತು ಬಂದಾಗ ಹೆತ್ತವರ ಅಪರಾಧಿಭಾವ ಹೊಸ ಬಾಗಿಲಿನಿಂದ ಒಳಗೆ ಬರುತ್ತದೆ: ಹಾಗಾದರೆ ಇದನ್ನು ಕೊಟ್ಟದ್ದು ನಾವೇ ಅಲ್ಲವೇ? ಕೊಡುವವನಿಗೆ ತಾನು ಏನು ಕೊಡುತ್ತಿದ್ದೇನೆಂಬ ಅರಿವೂ ಇಲ್ಲ, ಆಯ್ಕೆಯೂ ಇಲ್ಲ ಎಂದಾಗ ಅದು ಕೃತ್ಯವೇ ಅಲ್ಲ. ಕೃತ್ಯವಲ್ಲದ್ದಕ್ಕೆ ಪಾಪ ಅಂಟುವುದಿಲ್ಲ. ಹುಟ್ಟಿದ ದಿನದಿಂದಲೇ ಎಣ್ಣೆ, ಮುಲಾಮು ಹಚ್ಚಿದ್ದರೆ ಬರುತ್ತಿರಲಿಲ್ಲವೇನೋ ಎಂಬ ಕೊರಗಿಗೂ ಆಧಾರವಿಲ್ಲ. ಬ್ರಿಟನ್ನಿನಲ್ಲಿ 1394 ಶಿಶುಗಳ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಬೀಪ್ ಅಧ್ಯಯನದಲ್ಲಿ, ಮೊದಲ ವರ್ಷವಿಡೀ ದಿನವೂ ಮುಲಾಮು ಹಚ್ಚಿದ್ದರಿಂದ ಇಸುಬು ತಪ್ಪಲಿಲ್ಲ. ಬಂದ ಇಸುಬನ್ನು ಹತೋಟಿಯಲ್ಲಿಡಲು ಮುಲಾಮು ಬೇಕು. ಬರದಂತೆ ತಡೆಯುವ ಶಕ್ತಿ ಅದಕ್ಕಿದೆ ಎಂದು ಸಿದ್ಧವಾಗಿಲ್ಲ.

ಕರ್ನಾಟಕದಲ್ಲಿ ಚರ್ಮರೋಗದ ಧಾರ್ಮಿಕ ಉತ್ತರ ಹೆಚ್ಚಾಗಿ ನಾಗದೋಷದ ರೂಪದಲ್ಲಿ ಬರುತ್ತದೆ. ಹಾವನ್ನು ಕೊಂದದ್ದು, ಹುತ್ತ ಕೆಡವಿದ್ದು, ನಾಗನ ಬನ ಕಡಿದದ್ದು ತಲೆಮಾರುಗಳ ಆಚೆಯಿಂದ ಮಗುವಿನ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ನಂಬಿಕೆ ಕರಾವಳಿ ಮತ್ತು ಮಲೆನಾಡಿನಲ್ಲಿ ಗಾಢವಾಗಿದೆ. ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಲು ಕುಟುಂಬಗಳು ಬರುತ್ತವೆ, ಹುತ್ತದ ಮಣ್ಣನ್ನು ಮೃತ್ತಿಕಾ ಪ್ರಸಾದವಾಗಿ ಒಯ್ಯುತ್ತವೆ. ಅಲ್ಲಿ ಚಂಪಾಷಷ್ಠಿಯಂದು ನಡೆಯುತ್ತಿದ್ದ ಮಡೆಸ್ನಾನ, ಅಂದರೆ ಬ್ರಾಹ್ಮಣರು ಉಂಡ ಎಂಜಲೆಲೆಗಳ ಮೇಲೆ ಉರುಳುವ ಹರಕೆ, ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆಯ ಮೇಲೇ ನಿಂತಿತ್ತು. ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ಅದಕ್ಕೆ ತಡೆ ನೀಡಿತು. 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅದನ್ನು ನಿಷೇಧಿಸಿತು. ರೋಗಿಯ ಘನತೆಯನ್ನು ಎಂಜಲಿಗಿಂತ ಕೆಳಗಿಟ್ಟ ಆ ಆಚರಣೆಗೆ ಧರ್ಮದ ಒಳಗಿನಿಂದಲೂ ಸಮರ್ಥನೆ ಸಿಗಲಾರದು.

ಉಳಿದ ಹರಕೆಗಳ ಮಾತು ಬೇರೆ, ಅವನ್ನು ಹೀಗಳೆಯಬೇಕಾಗಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟ ತಂದೆತಾಯಿಗಳಿಗೆ ಯಾತ್ರೆ ಧೈರ್ಯ ಕೊಡುತ್ತದೆ, ಬಂಧುಗಳನ್ನು ಜೊತೆಗೂಡಿಸುತ್ತದೆ. ಎಚ್ಚರ ಬೇಕಿರುವುದು ಫಲವನ್ನು ಲೆಕ್ಕ ಹಾಕುವಲ್ಲಿ. ಇಸುಬು ತಾನಾಗಿ ಏರಿಳಿಯುವ ರೋಗ. ಕುಟುಂಬ ಹರಕೆ ಹೊರುವುದು ರೋಗ ಅತಿಯಾದಾಗ. ಅತಿಯಾದದ್ದು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿದದ್ದರ ಕೀರ್ತಿ ಹರಕೆಗೆ ಸಲ್ಲುತ್ತದೆ. ಮುಂದಿನ ಚಳಿಗಾಲದಲ್ಲಿ ಮತ್ತೆ ಎದ್ದಾಗ ಸೇವೆಯಲ್ಲಿ ಲೋಪವಾಯಿತು, ಮಡಿ ಕೆಟ್ಟಿತು ಎಂಬ ಹೊಸ ಆಪಾದನೆ ಹುಟ್ಟುತ್ತದೆ, ಅದೂ ಬಹುಮಟ್ಟಿಗೆ ತಾಯಿಯ ಪಾಲಿಗೇ. ಪುಡಿ, ಲೇಹ್ಯ, ಒಂದೇ ಚುಚ್ಚುಮದ್ದಿನಲ್ಲಿ ಬೇರುಸಹಿತ ಕೀಳುತ್ತೇವೆ ಎನ್ನುವವರ ಜಾಹೀರಾತುಗಳು ಬದುಕುವುದೂ ಈ ಏರಿಳಿತದ ಮೇಲೆಯೇ.

ಇಲ್ಲಿ ಮೀಮಾಂಸೆಯ ಇನ್ನೊಂದು ವಿಂಗಡಣೆ ಹೆತ್ತವರಿಗೆ ತುಂಬ ಉಪಯುಕ್ತ. ಕರ್ಮಗಳಲ್ಲಿ ದಿನವೂ ಮಾಡುವ ನಿತ್ಯ, ಸಂದರ್ಭ ಬಂದಾಗ ಮಾಡುವ ನೈಮಿತ್ತಿಕ, ಫಲ ಬಯಸಿ ಮಾಡುವ ಕಾಮ್ಯ ಎಂಬ ಬಗೆಗಳಿವೆ. ಪಾಪಕ್ಕೆ ಪ್ರಾಯಶ್ಚಿತ್ತ ಬೇರೆ. ಪ್ರಾಯಶ್ಚಿತ್ತ ಒಮ್ಮೆ ಮಾಡಿ ಮುಗಿಸುವಂಥದ್ದು. ಮನೆಯವರು ಇಸುಬಿಗೆ ಬೇಡುವುದು ಇಂಥ ಪರಿಹಾರವನ್ನೇ, ದೇವರ ಬಳಿಯಲ್ಲೂ ವೈದ್ಯರ ಬಳಿಯಲ್ಲೂ. ರೋಗದ ಸ್ವಭಾವ ಅದಕ್ಕೆ ಒಗ್ಗುವುದಿಲ್ಲ. ಅದು ಕೇಳುವುದು ನಿತ್ಯ ಮತ್ತು ನೈಮಿತ್ತಿಕವನ್ನು. ಸಂಧ್ಯಾವಂದನೆಯಂಥ ನಿತ್ಯಕರ್ಮದಿಂದ ವಿಶೇಷ ಫಲವೇನೂ ಕಾಣುವುದಿಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯ, ಅಂದರೆ ದೋಷ, ಎಂದು ಮೀಮಾಂಸಕರು ಹೇಳುತ್ತಾರೆ. ದಿನನಿತ್ಯದ ಮುಲಾಮಿನ ಸ್ಥಿತಿಯೂ ಅದೇ. ಹಚ್ಚಿದ ದಿನ ಏನೂ ಆದಂತೆ ಕಾಣುವುದಿಲ್ಲ. ಚರ್ಮ ಚೆನ್ನಾಗಿದೆಯೆಂದು ಬಿಟ್ಟರೆ ಕೆಲವೇ ದಿನಗಳಲ್ಲಿ ಕೆಂಪು ಮರಳುತ್ತದೆ.

ಆ ನಿತ್ಯವಿಧಿ ಹೀಗಿದೆ. ಸ್ನಾನ ದಿನಕ್ಕೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ. ಬಾಣಂತನದ ಮನೆಗಳಲ್ಲಿ ಹೊಗೆಯಾಡುವ ಬಿಸಿನೀರು ಹೊಯ್ಯುವ ರೂಢಿಯನ್ನು ಈ ಮಗುವಿಗೆ ಬಿಡಬೇಕು. ಸೀಗೆಪುಡಿ, ಕಡಲೆಹಿಟ್ಟು, ನೊರೆ ಹೆಚ್ಚಿರುವ ಸಾಬೂನು ಬೇಡ. ಸುವಾಸನೆಯಿಲ್ಲದ ಮೃದು ಕ್ಲೆನ್ಸರ್ ಸಾಕು. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮುನ್ನ ಮುಲಾಮು ಹಚ್ಚಬೇಕು. ದಿನಕ್ಕೆ ಕನಿಷ್ಠ ಎರಡು ಬಾರಿ, ಧಾರಾಳವಾಗಿ. ಎಷ್ಟು ಧಾರಾಳ ಎಂಬುದಕ್ಕೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ವಾರಕ್ಕೆ 250ರಿಂದ 500 ಗ್ರಾಂ ಎನ್ನುತ್ತದೆ. ಸಣ್ಣ ಟ್ಯೂಬನ್ನು ತಿಂಗಳುಗಟ್ಟಲೆ ಎಳೆಯುವುದು ಚಿಕಿತ್ಸೆಯೇ ಅಲ್ಲ. ದುಬಾರಿ ಕ್ರೀಮು ಕೊಳ್ಳಲಾಗದ ಮನೆಗೆ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಶುದ್ಧ ತೆಂಗಿನೆಣ್ಣೆ ಹೆಚ್ಚಿನ ಮಕ್ಕಳಿಗೆ ಒಗ್ಗುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಚರ್ಮದ ತಡೆಯನ್ನು ಇನ್ನಷ್ಟು ಕೆಡಿಸಬಹುದು. ಹತ್ತಿಯ ಸಡಿಲ ಬಟ್ಟೆ, ಕತ್ತರಿಸಿದ ಉಗುರು, ಸೆಕೆಯಾಗದ ಹಾಸಿಗೆ ಇವೂ ಇದರಲ್ಲಿ ಸೇರುತ್ತವೆ.

ಕೆಂಪು, ನವೆ ಎದ್ದಾಗ ನೈಮಿತ್ತಿಕದ ಸರದಿ, ಅಂದರೆ ಸ್ಟಿರಾಯ್ಡ್ ಮುಲಾಮು. ಮುಖಕ್ಕೆ ಶೇಕಡ 1ರ ಹೈಡ್ರೋಕಾರ್ಟಿಸೋನಿನಂಥ ಸೌಮ್ಯವಾದದ್ದು. ಮೈಗೆ ವಯಸ್ಸು ಮತ್ತು ತೀವ್ರತೆ ನೋಡಿ ವೈದ್ಯರು ಆರಿಸಿದ್ದು. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಅದು ಸರಿಯಾದ ಅಳತೆ. ಕೆಂಪು ಪೂರ್ತಿ ಇಳಿಯುವವರೆಗೆ ಹಚ್ಚಿ ನಿಲ್ಲಿಸಬೇಕು. ಮತ್ತೆ ಮತ್ತೆ ಏಳುವ ಜಾಗಕ್ಕೆ ವಾರದಲ್ಲಿ ಎರಡು ದಿನ ಹಚ್ಚುವ ಪದ್ಧತಿಯನ್ನೂ ವೈದ್ಯರು ಸೂಚಿಸುತ್ತಾರೆ. ಮುಖ, ಕಣ್ಣಿನ ಸುತ್ತ ಬಹಳ ಕಾಲ ಬೇಕಾದಾಗ ಎರಡು ವರ್ಷ ದಾಟಿದ ಮಕ್ಕಳಿಗೆ ಶೇಕಡ 0.03ರ ಟ್ಯಾಕ್ರೋಲಿಮಸ್ ಇದೆ. ತೀವ್ರವಾದಾಗ ಮುಲಾಮಿನ ಮೇಲೆ ಒದ್ದೆ ಹತ್ತಿಬಟ್ಟೆ, ಅದರ ಮೇಲೆ ಒಣಬಟ್ಟೆ ಹಾಕುವ ವಿಧಾನ ವೈದ್ಯರ ನಿಗಾದಲ್ಲಿ ಬಹಳ ಆರಾಮ ಕೊಡುತ್ತದೆ.

ಸ್ಟಿರಾಯ್ಡ್ ಎಂಬ ಹೆಸರು ಕೇಳಿದೊಡನೆ ಹಿಂಜರಿಯುವ ಹೆತ್ತವರು ಅನೇಕ. ಭಯಕ್ಕೆ ಕಾರಣವಿದೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿದ್ದ, ಪ್ರಬಲ ಸ್ಟಿರಾಯ್ಡಿಗೆ ಆಂಟಿಬಯೋಟಿಕ್ ಮತ್ತು ಶಿಲೀಂಧ್ರನಾಶಕ ಬೆರೆಸಿದ ಕ್ರೀಮುಗಳು ದೇಶದಲ್ಲಿ ತುಂಬ ಹಾನಿ ಮಾಡಿವೆ. ಚರ್ಮ ತೆಳುವಾಗಿದೆ, ಹುಳುಕಡ್ಡಿ ಔಷಧಕ್ಕೆ ಬಗ್ಗದಂತಾಗಿದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೆ ದುರ್ಬಳಕೆಯ ಭಯದಿಂದ ಸರಿಯಾದ ಬಳಕೆಯನ್ನೂ ಬಿಟ್ಟರೆ ಮಗು ತಿಂಗಳುಗಟ್ಟಲೆ ಕೆರೆಯುತ್ತದೆ, ನಿದ್ದೆಯಿಲ್ಲದೆ ಸೊರಗುತ್ತದೆ. ತಪ್ಪಿಸಬಹುದಾದ ನೋವನ್ನು ತಪ್ಪಿಸದಿರುವುದು ಅಹಿಂಸೆಯನ್ನು ಪರಮಧರ್ಮವೆನ್ನುವ ಯಾವ ಪರಂಪರೆಗೂ ಒಪ್ಪಿಗೆಯಾಗುವುದಿಲ್ಲ. ಎಲ್ಲ ನವೆಯೂ ಇಸುಬಲ್ಲ ಎಂಬುದೂ ನೆನಪಿರಬೇಕು. ಮನೆಯ ಇತರರಿಗೂ ರಾತ್ರಿ ನವೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಹೆಚ್ಚಾಗಿ ಕಜ್ಜಿ. ಅದಕ್ಕೆ ಮನೆಮಂದಿಗೆಲ್ಲ ಬೇರೆ ಔಷಧ ಬೇಕು.

ನಂಬುವ ಮನೆಯಲ್ಲಿ ಪೂಜೆ ಮತ್ತು ಚಿಕಿತ್ಸೆ ಒಟ್ಟಿಗೆ ಸಾಗಬಹುದು, ಕೆಲವು ಎಚ್ಚರಗಳೊಂದಿಗೆ. ಒಡೆದ ಚರ್ಮಕ್ಕೆ ಮೃತ್ತಿಕೆ, ವಿಭೂತಿ, ಕುಂಕುಮ, ಅರಿಸಿನ, ಅರೆದ ಬೇವಿನ ಸೊಪ್ಪು ಹಚ್ಚಬಾರದು. ಸೋಂಕು, ಉರಿ ಎರಡೂ ಹೆಚ್ಚುತ್ತವೆ. ಪ್ರಸಾದವನ್ನು ಗಾಯವಿಲ್ಲದ ಹಣೆಗೆ ಸ್ವಲ್ಪ ಮುಟ್ಟಿಸಿದರೆ ಸಾಕು. ತೀರ್ಥಸ್ನಾನದ ಬದಲು ಪ್ರೋಕ್ಷಣೆ ಮಾಡಿಸಬಹುದು. ಅದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ಜರಿಯ ರೇಷ್ಮೆಯನ್ನು ಮಗುವಿನ ಬರಿಮೈಗೆ ತಾಗಿಸದೆ ಒಳಗೆ ಹತ್ತಿಯ ಅಂಗಿ ಹಾಕಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಪ್ಯಾರಾಫಿನ್ ಇರುವ ಮುಲಾಮು ಮೆತ್ತಿದ ಬಟ್ಟೆ ಬೆಂಕಿ ತಾಗಿದರೆ ಬಹುಬೇಗ ಹೊತ್ತಿಕೊಳ್ಳುತ್ತದೆ. ಆರತಿ, ಹೋಮ, ದೀಪದ ಸಾಲಿನಿಂದ ಅಂಥ ಮಗುವನ್ನು ದೂರ ಕೂರಿಸಬೇಕು.

ಇಸುಬು ಅಪಾಯಕ್ಕೆ ತಿರುಗುವ ಸಂದರ್ಭವೊಂದಿದೆ. ತುಟಿಯ ಮೇಲೆ ಜ್ವರಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಇಸುಬಿನ ಚರ್ಮಕ್ಕೆ ಹರಡಿದರೆ ಒಂದೇ ಗಾತ್ರದ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಕೊರೆದಂಥ ಹುಣ್ಣುಗಳಾಗುತ್ತವೆ. ಜ್ವರ ಬರುತ್ತದೆ, ಮಗು ಮಂಕಾಗುತ್ತದೆ. ಇದನ್ನು ಅಮ್ಮ ಎಂದೋ ಸರ್ಪಸುತ್ತು ಎಂದೋ ಭಾವಿಸಿ ಬೇವಿನ ಸೊಪ್ಪು ಕಟ್ಟಿ ಕಾಯುವ ಮನೆಗಳಿವೆ. ಅಸೈಕ್ಲೋವಿರ್ ಔಷಧ ಬೇಗ ಸಿಕ್ಕಷ್ಟೂ ಮಗು ಕ್ಷೇಮ. ಕಣ್ಣಿನ ಹತ್ತಿರ ಹರಡಿದರೆ ದೃಷ್ಟಿಗೇ ಕುತ್ತು. ಅಂಥ ಗುಳ್ಳೆ ಕಂಡ ದಿನ ಹೊರಟ ಯಾತ್ರೆಯನ್ನಾದರೂ ನಿಲ್ಲಿಸಿ, ಅದೇ ದಿನ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.